ಚೀಟಿ ಬಿದ್ದ ಮನೆ

೧೨ ನವೆಂಬರ್ ೨೦೦೭, ಸೋಮವಾರ

ದಿನಚರಿ ಬರೆಯುವ ಹುಚ್ಚು ನನಗೆ ಎಂದೂ ಇರಲಿಲ್ಲ. ಇದು ಇಂಟರ್ನೆಟ್ಟಿನವರ ಅಪ್ಪಣೆ. ನೀವು ದಿನಾ ಕೂತು ಬರೆಯುವುದನ್ನು ಮಗು ನೋಡಲಿ, ನೋಡಿ ನೋಡಿ ತಾನೂ ಬರೆಯುತ್ತದೆ ಅಂತ ಆ ಪುಟದಲ್ಲಿತ್ತು. ಏನು ಬರೆಯಬೇಕು ಅಂತ ಹೇಳಿಲ್ಲ. ಹಾಗಾಗಿ ಮನಸ್ಸಿಗೆ ಬಂದದ್ದು ಬರೆಯುತ್ತೇನೆ. ಈ ಮನೆಯಲ್ಲಿ ಇದನ್ನು ಓದುವವರಾದರೂ ಯಾರಿದ್ದಾರೆ? ಅತ್ತೆಗೆ ಅಕ್ಷರ ಬರುವುದಿಲ್ಲ. ಇವರಿಗೆ ಮೆಣಸಿನಕಾಯಿ ದರ ಬಿಟ್ಟರೆ ಬೇರೆ ಓದು ಬೇಕಿಲ್ಲ. ಮಗಳು ಮಧುಗೆ ಇನ್ನೂ ಓದಲು ಬರುವುದಿಲ್ಲ, ಅದಕ್ಕೇ ಈ ಎಲ್ಲ ಕುಣಿತ.

ದೀಪಾವಳಿಯ ಲಕ್ಷ್ಮೀಪೂಜೆಗೆ ಇವರು ಕಂಪ್ಯೂಟರ್ ತಂದರು, ಮೆಣಸಿನಕಾಯಿ ದಲಾಲಿ ಅಂಗಡಿಯ ಲೆಕ್ಕಕ್ಕೆಂದು. ಅಂಗಡಿಯ ಘಾಟಿಗೂ ಧೂಳಿಗೂ ಅದು ಬಾಳುವುದಿಲ್ಲ ಅಂತ ಯಾರೋ ಹೆದರಿಸಿದ್ದರಿಂದ ಮನೆಯ ಪಡಸಾಲೆಗೆ ಬಂದು ಕೂತಿದೆ. ಫೋನಿನ ತಂತಿಯಲ್ಲೇ ಇಂಟರ್ನೆಟ್ಟೂ ಬಂತು. ಇವರು ಅದರಲ್ಲಿ ಗುಂಟೂರಿನ ದರ ನೋಡುತ್ತಾರೆ. ನಾನು ಮಧ್ಯಾಹ್ನ ಎಲ್ಲರೂ ಉಂಡ ಮೇಲೆ, ಮನೆಯಲ್ಲಿ ಮಗುವಿಗೆ ಓದು ಬರಹ ಕಲಿಸುವುದು ಹೇಗೆ ಅಂತ ಇಂಗ್ಲಿಷಿನಲ್ಲಿ ಕೇಳಿದೆ. ಅಬ್ಬಾ, ಎಷ್ಟು ಪುಟಗಳು! ಜಗತ್ತಿನ ತಾಯಂದಿರೆಲ್ಲ ನನ್ನ ಹಾಗೇ ತಲೆ ಕೆಡಿಸಿಕೊಂಡಿದ್ದಾರೆ ಅಂತ ಗೊತ್ತಾಗಿ ಸ್ವಲ್ಪ ಸಮಾಧಾನವೂ ಆಯಿತು.

ಮಾರ್ಚಿನಲ್ಲಿ ರಾಣೇಬೆನ್ನೂರಿನ ದೊಡ್ಡ ಶಾಲೆಗೆ ಸೇರಿಸಲು ಸಂದರ್ಶನ. ಒಂದು ಪುಟ ಓದಬೇಕು, ತನ್ನ ಹೆಸರು ಬರೆಯಬೇಕು, ಅಷ್ಟೇ. ಪಕ್ಕದ ಮನೆಯ ಸುರೇಖಾಳ ಮಗಳು ಹೋದ ವರ್ಷವೇ ಸೇರಿ ಹಳದಿ ಬಸ್ಸು ಹತ್ತಿ ಹೋಗುತ್ತಾಳೆ. ನಾನು ತವರು ಹೊಸರಿತ್ತಿಯಲ್ಲಿ ಇಡೀ ಓಣಿಗೆ ಪೇಪರು ಓದಿ ಹೇಳುತ್ತಿದ್ದವಳು. ಬಿ.ಎ. ಆದ ಮೇಲೆ ಬಿ.ಇಡಿ. ಮಾಡಿ ಮಾಸ್ತರಿಕೆ ಮಾಡಬೇಕೆಂದಿದ್ದೆ, ಮದುವೆ ಮಾಡಿಬಿಟ್ಟರು. ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳು ಎರಡನೇ ತರಗತಿಗೆ ಬಂದರೂ 'ನರಿ' ಅನ್ನಲು 'ನ' ಅಂದು ಉಸಿರು ಎಳೆದು 'ರಿ' ಅನ್ನುತ್ತಾಳೆ. ಇವರನ್ನು ಕೇಳಿದರೆ, "ಹೊತ್ತು ಬಂದಾಗ ಓದತಾಳ ಬಿಡ, ಸುಚಿತ್ರಾ" ಅನ್ನುತ್ತಾರೆ. ಆ ಹೊತ್ತು ಎಲ್ಲಿಂದ ಬರುತ್ತದೆ, ಗುಂಟೂರಿನಿಂದಲೇ?

೧೫ ನವೆಂಬರ್, ಗುರುವಾರ

ಓದಿನ ಮೂಲೆ ಮಾಡಿದೆ. ಕಂಪ್ಯೂಟರಿನ ಚಿತ್ರದಲ್ಲಿ ದಪ್ಪ ಗಾಲೀಚೆ, ಚಂದದ ದೀಪ, ಕಿಟಕಿಯಾಚೆ ಹಿಮ, ಮಗುವಿನ ಕಾಲ ಬಳಿ ಉದ್ದ ಕಿವಿಯ ನಾಯಿ. ನಮ್ಮಲ್ಲಿ ಎರಡು ಕೌದಿ, ಒಂದು ತಲೆದಿಂಬು, ಪಕ್ಕದಲ್ಲಿ ಮೆಣಸಿನಕಾಯಿಯ ಮಾದರಿ ತುಂಬಿದ ಚೀಲಗಳು. ಮಧು ಸೀನಿದಳು, ನಾನೂ ಸೀನಿದೆ, ಇಬ್ಬರೂ ನಕ್ಕೆವು.

ಕನ್ನಡದ ಪುಟ ಇದೆಯೇ ಅಂತ ಹುಡುಕಿದೆ. ಒಂದು ತೆರೆಯಿತು, ಬರೀ ಚೌಕ ಚೌಕ ಡಬ್ಬಿ. ಕೊನೆಗೆ ಇಂಗ್ಲಿಷಿನದನ್ನೇ ನಾನು ನಿಧಾನ ಓದಿ, ಕನ್ನಡ ಮಾಡಿ, ಕತೆ ಹೇಳಿದೆ. ಅಂಗಡಿಯ ಬಿಲ್ಲು ತೆಗೆಯುವ ಪ್ರಿಂಟರಿನಲ್ಲಿ ಚಿಟ್ಟೆಯ ಚಿತ್ರ ತೆಗೆದರೆ ಕರ್ರ್ ಕರ್ರ್ ಅಂತ ಚುಕ್ಕೆ ಚುಕ್ಕೆಯಾಗಿ ಬಂತು. ಮಧುಗೆ ಅದೇ ಖುಷಿ. ನನ್ನ ತೊಡೆಯ ಮೇಲೆ ಕೂತು ಕೇಳುತ್ತ ಕೇಳುತ್ತ ಹಾಗೇ ನಿದ್ದೆ ಹೋದಳು. ಓದುವಾಗ ಮಗುವನ್ನು ಅಪ್ಪಿಕೊಳ್ಳಿ, ಓದು ಅಂದರೆ ಅಪ್ಪುಗೆ ಅಂತ ಮಗು ತಿಳಿಯಲಿ ಅಂತ ಆ ಪುಟದಲ್ಲಿದೆ. ನಿಜ ಅನ್ನಿಸಿತು. ಕಾಲು ಜೋಮು ಹಿಡಿದರೂ ಎಬ್ಬಿಸಲಿಲ್ಲ.

೨೨ ನವೆಂಬರ್, ಗುರುವಾರ

ಇಂದು ಖುಷಿಯ ದಿನ, ಎಲ್ಲ ಬರೆಯುತ್ತೇನೆ.

ಮನೆಯ ಪ್ರತಿ ವಸ್ತುವಿಗೆ ಅದರ ಹೆಸರು ಬರೆದು ಅಂಟಿಸಿ, ಮಗು ಓಡಾಡುತ್ತಲೇ ಓದುತ್ತದೆ ಅಂತ ಹೊಸ ಪುಟದಲ್ಲಿ ಸಿಕ್ಕಿತು. ಬೆಳಿಗ್ಗೆಯೇ ಅಂಗಡಿಯ ಹಳೆ ಚೀಟಿಗಳ ಕಟ್ಟು ತರಿಸಿ, ಹಿಂಭಾಗದಲ್ಲಿ ದಪ್ಪ ಅಕ್ಷರದಲ್ಲಿ ಬರೆದೆ. ಮೈದಾ ಹಿಟ್ಟು ಕುದಿಸಿ ಅಂಟು ಮಾಡಿದೆ. ಬಾಗಿಲು, ಕಿಟಕಿ, ಜೋಕಾಲಿ, ಕನ್ನಡಿ, ಒರಳು. ಹಿತ್ತಲಿನ ಗೂಟಕ್ಕೆ 'ಆಕಳು' ಅಂತ ಹಚ್ಚಿದೆ. ಅತ್ತೆ ನೋಡಿ, "ಮನಿ ತುಂಬ ಚೀಟಿ ಹಚ್ಚೀಯಲ್ಲ ಬೇ, ಏನ್ ಲಿಲಾವ್ ಮಾಡಾಕಿ ಏನು?" ಅಂದರು, ಮನೆಯನ್ನೇ ಹರಾಜಿಗಿಟ್ಟಿದ್ದೇನೋ ಅನ್ನುವ ಹಾಗೆ. ಅತ್ತೆಯ ಹೆಸರು ಗದಿಗೆವ್ವ, ಬಾಯಿಗೆ ಗದ್ದುಗೆ ಇಲ್ಲ, ಎಲ್ಲೆಂದರಲ್ಲಿ ಓಡುತ್ತದೆ.

ಮಧ್ಯಾಹ್ನ ಮಧು ಶಾಲೆಯಿಂದ ನೇರ ಅಂಗಡಿಗೆ ಹೋಗಿದ್ದಳು. ಸೋಮವಾರ, ಗುರುವಾರ ಪೇಟೆಯ ದಿನ, ಅವಳಿಗೆ ಅಲ್ಲೇ ಇರಬೇಕು. ಅಂಗಳದ ತುಂಬ ಕೆಂಪು ರಾಶಿ, ಒಂದೊಂದು ರಾಶಿ ಒಂದು ಲಾಟು. ಖರೀದಿಯವರು ನೋಡಿ, ಕೈಯಲ್ಲಿ ಮುರಿದು, ಮೂಸಿ, ಚೀಟಿಯಲ್ಲಿ ದರ ಬರೆದು ಕೊಡುತ್ತಾರೆ. ನಮ್ಮ ಗುಮಾಸ್ತ ಸಲಾವುದ್ದೀನ ಅವರು ಎಲ್ಲಕ್ಕಿಂತ ಹೆಚ್ಚು ದರದ ಚೀಟಿಯನ್ನು ರಾಶಿಯ ಮೇಲೆ ಸಿಗಿಸಿ, ಓಣಿಯ ಆಚೆಗೂ ಕೇಳುವ ಹಾಗೆ ಓದುತ್ತಾರೆ. ಓದಿದ ಮೇಲೆ ಮುಗಿಯಿತು, ಆ ಮಾಲು ನಮ್ಮದಲ್ಲ. ಸಂಜೆಯೊಳಗೆ ಹಮಾಲರು ಬಂದು ಗಾಡಿಗೆ ಹೇರುತ್ತಾರೆ. ಸಲಾವುದ್ದೀನ ಅವರ ಪಕ್ಕ ನಿಂತು ಮಧು ತಾನೂ ಕೂಗುತ್ತಾಳಂತೆ. ಅಲ್ಲಿ ಬಾಯಿ, ಪುಸ್ತಕದ ಮುಂದೆ ಮೌನ!

ಮನೆಗೆ ಬಂದವಳು ಚೀಟಿಗಳನ್ನೆಲ್ಲ ನೋಡುತ್ತ ನಿಂತಳು. "ಅವ್ವಾ, ಜೋಕಾಲಿ ಯಾರು ಒಯ್ತಾರ?" ಅಂದಳು. ಪಾಠ ತಪ್ಪಿಸುವ ಹುಚ್ಚು ಮಾತು. ಕೈ ಹಿಡಿದು ಹಿತ್ತಲಿಗೆ ಒಯ್ದು, ಗೂಟದ ಮುಂದೆ ನಿಲ್ಲಿಸಿ, ಇದನ್ನ ಓದು ಅಂದೆ. ಓದುವುದಿಲ್ಲ ಅಂತ ತಲೆ ಅಲ್ಲಾಡಿಸಿದಳು. ಬೆಲ್ಲ ಕೊಡುತ್ತೇನೆ ಅಂದೆ. ಬಹಳ ಹೊತ್ತು ಆಕಳ ಮುಖ, ನನ್ನ ಮುಖ ನೋಡಿ, ಕೊನೆಗೆ ಜೋರಾಗಿ "ಆಕಳು" ಅಂದುಬಿಟ್ಟಳು. ನಡುವೆ ಉಸಿರು ಎಳೆಯದೆ, ಒಂದೇ ಸಲಕ್ಕೆ! ಓದಿದ ಪದಕ್ಕೊಂದು ನಕ್ಷತ್ರ ಅಂತ ಗೋಡೆಗೆ ಹಚ್ಚಿದ ಚಾರ್ಟಿನಲ್ಲಿ ಮೊದಲ ಚಿಕ್ಕೆ ಅಂಟಿಸಿದೆ. ಬೆಲ್ಲ ಮಾತ್ರ ತಿನ್ನಲಿಲ್ಲ, ಒಯ್ದು ಆಕಳಿಗೆ ಕೊಟ್ಟಳು.

೩ ಡಿಸೆಂಬರ್, ಸೋಮವಾರ

ಇವರು ಆಕಳು ಮಾರಿದರು. ಹಾಲು ಬತ್ತಿತ್ತು, ಸಾಕುವುದು ಯಾಕೆ ಅಂತ. ಮಧು ಶಾಲೆಯಲ್ಲಿದ್ದಾಗ ಕೊಂಡವರು ಬಂದು ಟೆಂಪೋದಲ್ಲಿ ಹೇರಿಕೊಂಡು ಹೋದರು. ಸಂಜೆ ಬಂದವಳು ಖಾಲಿ ಗೂಟದ ಹತ್ತಿರ ಕೂತುಬಿಟ್ಟಳು. ಅಳಲಿಲ್ಲ. ಅತ್ತರೆ ಸಮಾಧಾನ ಮಾಡಬಹುದಿತ್ತು. "ನಾ ಓದಬಾರದಿತ್ತು" ಅಂತ ತನ್ನಷ್ಟಕ್ಕೆ ಅನ್ನುತ್ತಿದ್ದಳು.

ಓದಬಾರದಿತ್ತಂತೆ! ಏನೋ ಒಂದು ನೆಪ. ಆಕಳು ಹೋದರೆ ಓದೂ ಹೋಗಬೇಕೇ? ಬೇರೆ ಚೀಟಿಗಳ ಮುಂದೆ ನಿಲ್ಲಿಸಿದರೆ ತುಟಿ ಬಿಗಿದುಕೊಳ್ಳುತ್ತಾಳೆ.

೮ ಡಿಸೆಂಬರ್, ಶನಿವಾರ

ಬೆಳಿಗ್ಗೆ ಎದ್ದು ನೋಡಿದರೆ ಒಂದು ಚೀಟಿಯೂ ಇಲ್ಲ. ಬಾಗಿಲು, ಕಿಟಕಿ, ಜೋಕಾಲಿ, ಎಲ್ಲ ಕಿತ್ತಿದ್ದಾಳೆ. ಜೋಕಾಲಿಯದು ಬಿಗಿಯಾಗಿ ಅಂಟಿತ್ತು, ಉಗುರಿನಿಂದ ಕೆರೆದು ಬಣ್ಣವೂ ಹೋಗಿದೆ. ಎಷ್ಟು ಕಷ್ಟಪಟ್ಟು ಬರೆದಿದ್ದೆ! ಯಾಕೆ ಕಿತ್ತಿ ಅಂದರೆ, "ಒಯ್ತಾರ" ಅಂದಳು. ಯಾರು, ಏನು, ಎಲ್ಲಿಗೆ ಅಂದರೂ ಮತ್ತೆ ಅದೇ ಮಾತು.

ಸ್ವಲ್ಪ ಸ್ಕೇಲು ಮುಟ್ಟಿಸಿದೆ. ಅಂಗಡಿಯ ಮರದ ಸ್ಕೇಲು, ಗೆರೆ ಹೊಡೆಯಲು ತಂದದ್ದು. ಅಂಗೈಗೆ ಅಷ್ಟೇ. ನಮ್ಮ ಮಾಸ್ತರರು ನಮಗೆ ಕೊಟ್ಟದ್ದರ ಮುಂದೆ ಇದು ಏನೂ ಅಲ್ಲ. ಎಲ್ಲ ಚೀಟಿ ಮತ್ತೆ ಬರೆದು ಹಚ್ಚಿದೆ.

೧೭ ಡಿಸೆಂಬರ್, ಸೋಮವಾರ

ಮತ್ತೆ ಕಿತ್ತಳು. ಮತ್ತೆ ಹಚ್ಚಿದೆ. ಹಟದಲ್ಲಿ ಯಾರ ಹಾಗಿದ್ದಾಳೆ ಅಂತ ಅತ್ತೆ ನನ್ನ ಮುಖ ನೋಡಿ ನಗುತ್ತಾರೆ. ಸ್ಕೇಲನ್ನು ಓದಿನ ಮೂಲೆಯಲ್ಲೇ ಇಟ್ಟಿದ್ದೇನೆ, ಎದುರಿಗಿದ್ದರೆ ಸಾಕು, ಬಳಸುವ ಪ್ರಸಂಗ ಬರುವುದಿಲ್ಲ ಅಂದುಕೊಂಡಿದ್ದೆ. ಬಂತು.

೩೦ ಡಿಸೆಂಬರ್, ಭಾನುವಾರ

ಸುರೇಖಾ ಮಗಳನ್ನು ಕರೆದುಕೊಂಡು ಬಂದಿದ್ದಳು, ಕಂಪ್ಯೂಟರ್ ನೋಡುವುದಕ್ಕಂತೆ. ಬಂದದ್ದು ನನ್ನ ಗೋಡೆ ನೋಡುವುದಕ್ಕೆ. ಆ ಹುಡುಗಿ ಒಂದೊಂದೇ ಚೀಟಿಯ ಮುಂದೆ ನಿಂತು ಪಟಪಟ ಓದುತ್ತ ಹೋದಳು. "ಬಾಗಿಲು! ಕನ್ನಡಿ! ಒರಳು!" ಮಧು ಹಿಂದೆಯೇ ಓಡಿ ಅವಳ ಬಾಯಿ ಮುಚ್ಚಿದಳು. ಒತ್ತಿ ಹಿಡಿದಳು. ಆ ಮಗು ಅತ್ತಿತು.

"ನಿನ್ನ ಮಗಳಿಗೆ ಹೊಟ್ಟಿಕಿಚ್ಚು ಭಾಳ ಐತಿ ನೋಡ್ವಾ" ಅಂದಳು ಸುರೇಖಾ. ನಗುತ್ತಲೇ ಅಂದಳು, ಅದೇ ಹೆಚ್ಚು ಉರಿಯಿತು. ಅವರು ಹೋದ ಮೇಲೆ ಏಟು ಬಿದ್ದವು. ಇಂಟರ್ನೆಟ್ಟಿನ ಪುಟದಲ್ಲಿ ಮಗುವನ್ನು ಬೇರೆ ಮಕ್ಕಳ ಜೊತೆ ಹೋಲಿಸಬೇಡಿ ಅಂತಿದೆ. ಹೋಲಿಸಿದ್ದು ನಾನಲ್ಲ, ಮನೆಗೆ ಬಂದು ಹೋಲಿಸಿ ಹೋದದ್ದು ಅವಳು.

೬ ಜನವರಿ ೨೦೦೮, ಭಾನುವಾರ

ಅತ್ತೆ ಐರಣಿಗೆ ಹೋದರು, ತಮ್ಮ ಮಗಳ ಮನೆಗೆ. 

ಆದದ್ದು ಇಷ್ಟು. ನಿನ್ನೆ ಅತ್ತೆಯ ಮಂಚಕ್ಕೂ ಚೀಟಿ ಹಚ್ಚಿದೆ, 'ಆಯಿ ಮಂಚ' ಅಂತ. ಮಧು ಅಜ್ಜಿಯನ್ನು ಆಯಿ ಅನ್ನುತ್ತಾಳೆ. ಅಷ್ಟು ಪ್ರೀತಿ ಇದ್ದರೆ ಆ ಹೆಸರನ್ನಾದರೂ ಓದಲಿ ಅಂತ ನನ್ನ ಲೆಕ್ಕ. ಮಧು ಕಿರುಚಿಕೊಂಡು ಮಂಚಕ್ಕೆ ಅಡ್ಡ ಮಲಗಿದಳು. "ಆಯಿದು ಬ್ಯಾಡ! ಆಯಿದು ಬ್ಯಾಡ ಅವ್ವಾ!" ಹಾಗಾದರೆ ಓದು ಅಂದೆ. ಇಲ್ಲ. ಸರಿ, ನಾನೇ ಓದುತ್ತೇನೆ, ನೀನು ನನ್ನ ಹಿಂದೆ ಅನ್ನು ಅಂತ ಜೋರಾಗಿ ಓದಿದೆ. ಎರಡೂ ಕಿವಿ ಮುಚ್ಚಿಕೊಂಡಳು. ಆಮೇಲೆ ಸ್ಕೇಲು.

ಅತ್ತೆ ನಡುವೆ ಬಂದು ನನ್ನ ಕೈ ಹಿಡಿದರು. "ಏ, ಸಾಕು ಮಾಡ! ಕೂಸು ಸಾಯತೈತಿ. ನಿನ್ನ ಓದಿಗೆ ಬೆಂಕಿ ಹತ್ತಲಿ!"

"ನಿಮಗ ಅಕ್ಷರದ ಬೆಲಿ ಏನ ಗೊತ್ತೈತ್ರಿ?" ಅಂದುಬಿಟ್ಟೆ.

ಅನ್ನಬಾರದಿತ್ತೇನೋ. ಆದರೆ ಸುಳ್ಳೇನೂ ಹೇಳಲಿಲ್ಲ. ಅತ್ತೆ ಬೆಳಿಗ್ಗೆ ಗಂಟು ಕಟ್ಟಿದರು. ಇವರು ಸ್ಕೂಟರಿನಲ್ಲಿ ಬಸ್ಸಿನವರೆಗೆ ಬಿಟ್ಟು, ಹಾಗೇ ಅಂಗಡಿಗೆ ಹೋದರು. ಮಧು ಮಂಚದ ಚೀಟಿ ಕಿತ್ತು ಸಣ್ಣಗೆ ಚೂರು ಮಾಡಿ ಬಾಯಿಗೆ ಹಾಕಿ ಅಗಿದು ನುಂಗಿದಳು. ತೆರೆಸಲು ನೋಡಿದೆ, ಬಾಯಿ ಬಿಡಲಿಲ್ಲ.

೧೦ ಜನವರಿ, ಗುರುವಾರ

ಇಂಟರ್ನೆಟ್ಟಿನಲ್ಲಿ ತಾಯಂದಿರು ಪ್ರಶ್ನೆ ಕೇಳುವ ಜಾಗ ಒಂದಿದೆ. ಧೈರ್ಯ ಮಾಡಿ ಬರೆದಿದ್ದೆ. ನನ್ನ ಇಂಗ್ಲಿಷು ಕುಂಟುತ್ತದೆ, ಆದರೂ ಬರೆದೆ: ಮಗಳಿಗೆ ಏಳು ವರ್ಷ, ನೀವು ಹೇಳಿದ್ದೆಲ್ಲ ಮಾಡಿದ್ದೇನೆ, ಓದುವುದಿಲ್ಲ, ಚೀಟಿ ಕೀಳುತ್ತಾಳೆ, ಏನು ಮಾಡಲಿ? ಇಂದು ಉತ್ತರ ಬಂತು. ಯಾವ ದೇಶದವಳೋ, ಮೊದಲು ನನ್ನನ್ನು ಹೊಗಳಿದ್ದಾಳೆ, ನಿಮ್ಮಂಥ ಶ್ರದ್ಧೆಯ ತಾಯಿ ಅಪರೂಪ ಅಂತ. ಓದಿ ಕಣ್ಣು ತುಂಬಿತು. ಈ ಮನೆಯಲ್ಲಿ ಒಬ್ಬರಾದರೂ ಈ ಮಾತು ಅಂದಿದ್ದಾರೆಯೇ?

ಆಮೇಲೆ ಕೇಳಿದ್ದಾಳೆ, ಮಗು ಯಾವುದಕ್ಕಾದರೂ ಹೆದರಿದೆಯೇ, ಅವಳನ್ನೇ ಕೇಳಿ ನೋಡಿದ್ದೀರಾ ಅಂತ. ಹೆದರಿಕೆ! ಹೆದರಿಕೆ ಇದ್ದಿದ್ದರೆ ಈ ಹೊತ್ತಿಗೆ ಓದುತ್ತಿದ್ದಳು. ಇಲ್ಲದ್ದೇ ತೊಂದರೆ ಅಂತ ಬರೆಯಬೇಕೆಂದಿದ್ದೆ, ಅಷ್ಟರಲ್ಲಿ ಕರೆಂಟು ಹೋಯಿತು.

೧೫ ಜನವರಿ, ಮಂಗಳವಾರ

ಸಂಕ್ರಮಣ. ಎಳ್ಳು ಬೆಲ್ಲ ಹಂಚಿದೆವು. ಮಧು ಎಲ್ಲರಿಗೂ ಕೊಟ್ಟಳು. ನನ್ನ ಕೈಗೆ ಕೊಡುವಾಗ ದೂರ ನಿಂತು ಕೈ ಚಾಚಿದಳು.

೪ ಫೆಬ್ರವರಿ, ಸೋಮವಾರ

ಇವರು ಕೇಳಿದರು, "ಮಧು ಈಗೀಗ ಅಂಗಡಿಗೂ ಬರವಲ್ಲಳು. ಸಲಾವುದ್ದೀನ ಚೀಟಿ ಓದಾಕ ಹತ್ತಿದ್ರ ಒಳಗ ಓಡಿ ಹೋಗಿ ಗೋಣಿ ಹಿಂದ ಕುಂದರತಾಳ. ಏನಾಗೇತಿ ಆಕೀಗೆ?"

"ಓದಾಕ ಬರದವರಿಗೆ ಓದೂದು ಕೇಳಿದ್ರ ನಾಚಿಕಿ ಆಗತೈತಿ. ಒಳ್ಳೇದ ಆತು ಬಿಡ್ರಿ" ಅಂದೆ.

ನನಗೆ ಇದು ಪ್ರಗತಿಯ ಲಕ್ಷಣವೆಂದೇ ತೋರುತ್ತದೆ. ಇವರು ಊಟ ಅರ್ಧಕ್ಕೆ ಬಿಟ್ಟು ಎದ್ದರು. ಸಾರಿಗೆ ಉಪ್ಪು ಹೆಚ್ಚಾಗಿತ್ತೇನೋ.

೨೧ ಫೆಬ್ರವರಿ, ಗುರುವಾರ

ದಿನದ ಕ್ರಮ: ಬೆಳಿಗ್ಗೆ ಚೀಟಿ, ಮಧ್ಯಾಹ್ನ ಚೀಟಿ, ಸಂಜೆ ಪುಸ್ತಕ. ಫಲ: ಏನೂ ಇಲ್ಲ. ನಿನ್ನೆಯಿಂದ ಅವಳು ಏಟಿಗೂ ಅಳುವುದಿಲ್ಲ. ಅಂಗೈ ತಾನೇ ಮುಂದೆ ಮಾಡುತ್ತಾಳೆ, ಬೇಗ ಮುಗಿಯಲಿ ಅನ್ನುವ ಹಾಗೆ. ಸಿಟ್ಟು ಬರದೆ ಏನಾದೀತು?

೮ ಮಾರ್ಚ್, ಶನಿವಾರ

ರಾಣೇಬೆನ್ನೂರಿಗೆ ಹೋಗಿದ್ದೆವು. ಹೊಸ ಫ್ರಾಕು, ಎರಡು ಜಡೆ, ಕೆಂಪು ಟೇಪು. ಬಸ್ಸಿನಲ್ಲಿ ಉದ್ದಕ್ಕೂ ಹೇಳಿಕೊಟ್ಟೆ, ಮೇಡಂ ತೋರಿಸಿದ್ದನ್ನ ಜೋರಲೆ ಓದು ಅಂತ.

ಮೇಡಂ ಚಿಕ್ಕ ವಯಸ್ಸಿನವರು, ಮೆತ್ತಗೆ ಮಾತಾಡುತ್ತಾರೆ. ಮೇಜಿನ ಮೇಲೆ ಗಿಳಿ, ಹೂ, ಮನೆ ಇವುಗಳ ಸಣ್ಣ ಗೊಂಬೆ ಇಟ್ಟರು. ಪಕ್ಕದಲ್ಲಿ ಹೆಸರು ಬರೆದ ಚೀಟಿಗಳ ಕಟ್ಟು. ಚೀಟಿ ಕಂಡಿದ್ದೇ ಮಧುವಿನ ಮುಖ ಬಿಳುಪೇರಿತು. "ಓದು ಪುಟ್ಟಾ" ಅಂದರು. ಇಲ್ಲ. "ಸರಿ, ಓದಬ್ಯಾಡ. ಯಾವ ಚೀಟಿ ಯಾವ ಗೊಂಬಿದು, ಬರೇ ಬಟ್ಟು ಮಾಡಿ ತೋರ್ಸು" ಅಂದರು. ಮಧು ಒಂದೊಂದನ್ನೂ ತೋರಿಸಿದಳು. ಗಿಳಿಗೆ ಗಿಳಿ, ಹೂವಿಗೆ ಹೂ, ಮನೆಗೆ ಮನೆ. ಆಮೇಲೆ ಬೋರ್ಡಿನ ಮೇಲೆ ಬರೆದ ಉದ್ದ ಸಾಲು ತೋರಿಸಿ, ಇದರಲ್ಲಿ ಹೇಳಿದ ಕೆಲಸ ಮಾಡು ಅಂದರು. ಮಧು ಎದ್ದು ಹೋಗಿ ಕಿಟಕಿ ತೆರೆದು ಬಂದು ಕೂತಳು. ಅದೇ ಬರೆದಿತ್ತು.

"ನಿಮ್ಮ ಮಗಳಿಗೆ ಓದಾಕ ಚಲೋ ಬರತೈತ್ರಿ" ಅಂದರು ಮೇಡಂ. "ಬಾಯಿ ಬಿಡವಲ್ಲಳು, ಅಷ್ಟ. ಮುಂದಿನ ಶನಿವಾರ ಮತ್ತೊಮ್ಮೆ ಕರ್ಕೊಂಡು ಬರ್ರಿ. ಮನ್ಯಾಗ ಏನೂ ಅನಬ್ಯಾಡ್ರಿ ಆಕೀಗೆ."

ಓದಲು ಬರುತ್ತದೆ! ಬರುತ್ತದೆ, ಆದರೂ ಓದುವುದಿಲ್ಲ! ನಾಲ್ಕು ತಿಂಗಳು ನನ್ನನ್ನು ಕುಣಿಸಿದ್ದಾಳೆ. ಓಣಿಯಲ್ಲಿ ತಲೆ ತಗ್ಗಿಸುವಂತೆ ಮಾಡಿದ್ದಾಳೆ. ಬೇಕಂತಲೇ.  ಮನೆಗೆ ಬಂದ ಮೇಲೆ ಸ್ಕೇಲು ಮುರಿಯಿತು. ಹಳೆಯ ಮರ, ಮೊದಲೇ ಸೀಳಿತ್ತು.

೯ ಮಾರ್ಚ್, ಭಾನುವಾರ

ಮಧುವಿನ ತೋಳು ಬಾತಿದೆ. ಅರಿಶಿಣ ಹಚ್ಚಿದೆ. ಶಾಲೆಯಲ್ಲಿ ಕೇಳಿದರೆ ಮೆಟ್ಟಿಲ ಮೇಲೆ ಬಿದ್ದೆ ಅನ್ನು ಅಂತ ಹೇಳಿಕೊಟ್ಟಿದ್ದೇನೆ. ಇವರು ರಾತ್ರಿ ಅಂಗಡಿಯಲ್ಲೇ ಮಲಗಿದರು. ಎಲ್ಲರಿಗೂ ನಾನೇ ಕೆಟ್ಟವಳು. ಯಾರಿಗಾಗಿ ಮಾಡುತ್ತಿದ್ದೇನೆ?

೧೩ ಮಾರ್ಚ್, ಗುರುವಾರ

ಮಧ್ಯಾಹ್ನ ಬರೆಯುತ್ತಿದ್ದೇನೆ. ಸಂಜೆಯತನಕ ತಡೆಯಲಾಗಲಿಲ್ಲ, ಅಷ್ಟು ಖುಷಿ.

ಬೆಳಿಗ್ಗೆ ಕಂಪ್ಯೂಟರಿನ ಮುಂದೆ ಕೂತು ಆ ತಾಯಂದಿರ ಜಾಗಕ್ಕೆ ಬರೆಯುತ್ತಿದ್ದೆ, ಸೋತೆ ಅಂತ. ತೋಳಿನ ಬಾವು ಇಳಿದಿಲ್ಲವೆಂದು ಮಧುವನ್ನು ಶಾಲೆಗೆ ಕಳಿಸಿರಲಿಲ್ಲ, ಹಿಂದಿನಿಂದ ಬಂದಳು. ಬೆನ್ನಿನ ಮೇಲೆ ಅವಳ ಪುಟ್ಟ ಅಂಗೈ. ಎಷ್ಟು ದಿನಕ್ಕೆ ನನ್ನನ್ನು ತಾನಾಗಿ ಮುಟ್ಟಿದಳು! ಅಲುಗಾಡದೆ ಕೂತೆ. ಅಂಗೈಯಿಂದ ಒತ್ತಿ ಒತ್ತಿ ಸವರಿದಳು. ಆಮೇಲೆ ಹಿಂದೆ ಸರಿದು ನಿಂತು, ಓಣಿಗೇ ಕೇಳುವ ಹಾಗೆ, ಗಂಟಲು ಬಿಚ್ಚಿ ಓದಿದಳು:

"ಅವ್ವ!"

ಕೈ ಹಿಂದೆ ಮಾಡಿ ನೋಡಿದರೆ ಬೆನ್ನ ಮಧ್ಯೆ ಕಾಗದ. ಕನ್ನಡಿಗೆ ಬೆನ್ನು ಮಾಡಿ ನೋಡಿದೆ. ಕಿಟಕಿಯಿಂದ ಕಿತ್ತ ಚೀಟಿಯ ಹಿಂಭಾಗದಲ್ಲಿ, ಪೆನ್ಸಿಲಿನಿಂದ ಒತ್ತಿ ಬರೆದು, ಅನ್ನದ ಅಗಳು ಹಚ್ಚಿ ಅಂಟಿಸಿದ್ದಾಳೆ. ಒತ್ತಕ್ಷರವೂ ಸರಿ! ತಾನಾಗಿ ಬರೆದ ಮೊದಲ ಪದ, ತಾನಾಗಿ ಓದಿದ ಪದ, ಅದು ನನ್ನ ಹೆಸರು! ಅಳು ತಡೆಯಲಿಲ್ಲ. ಎತ್ತಿಕೊಂಡು ಮುದ್ದಿಟ್ಟೆ. ಅವಳು ಮೈ ಸೆಟೆದುಕೊಂಡೇ ಇದ್ದಳು, ಇಳಿಸಿದ ಕೂಡಲೇ ಬೆನ್ನ ಹಿಂದೆ ಹೋಗಿ ಚೀಟಿ ಬಿದ್ದಿಲ್ಲವೆಂದು ನೋಡಿಕೊಂಡಳು. "ತಗೀಬ್ಯಾಡ ಅವ್ವಾ, ಹಂಗ ಇರಲಿ" ಅಂದಳು. ತೆಗೆಯುತ್ತೇನೆಯೇ? ಸುರೇಖಾಳ ಮನೆಗೆ ಚೀಟಿ ಸಮೇತ ಹೋಗಿ ತೋರಿಸಿ ಬಂದೆ. ಅವಳ ಮುಖ ನೋಡಬೇಕಿತ್ತು.

ಐರಣಿಗೆ ಫೋನು ಮಾಡಿದೆ. ಅತ್ತೆ ಎಲ್ಲ ಕೇಳಿ, "ಚೀಟಿ ಎಲ್ಲಿ ಹಚ್ಯಾಳ?" ಅಂದರು. "ನನ್ನ ಬೆನ್ನಿಗೆ" ಅಂದೆ.  "ಸುಚಿತ್ರಾ, ಕೂಸಿನ್ನ ಬಡೀಬ್ಯಾಡವಾ" ಅಂದು ಇಟ್ಟುಬಿಟ್ಟರು. ಈ ಹೊತ್ತಿನಲ್ಲಿ ಆಡುವ ಮಾತೇ ಅದು? ಅವರಿಗೆ ನನ್ನ ಗೆಲುವು ಸಹಿಸಲಾಗುವುದಿಲ್ಲ.

ಮಧು ಹೊಸ್ತಿಲ ಮೇಲೆ ಕೂತಿದ್ದಾಳೆ, ರಸ್ತೆ ನೋಡುತ್ತ. ಅಪ್ಪನಿಗೆ ಹೇಳಲು ಕಾಯುತ್ತಿರಬೇಕು. ಉಳಿದದ್ದು ಸಂಜೆಗೆ.

ಅದೇ ದಿನ, ಸಂಜೆ

ಬರೆಯಬಾರದು ಅಂದುಕೊಂಡಿದ್ದೆ. ಬರೆಯುತ್ತೇನೆ.

ಪೇಟೆ ಮುಗಿಸಿ ಇವರು ಬಂದರು. ಜೊತೆಗೆ ಸಲಾವುದ್ದೀನ, ಲೆಕ್ಕ ಕಂಪ್ಯೂಟರಿಗೆ ಹಾಕಲು. ನೀರು ಕೊಡಲು ಬಂದು ತಿರುಗಿದೆ. ಇವರು ನನ್ನ ಬೆನ್ನು ನೋಡಿ, ಎಷ್ಟೋ ದಿನದ ಮೇಲೆ ನಕ್ಕರು. "ಏನ, ನಿನ್ನ ಲಾಟಿಗೆ ಚೀಟಿ ಬಿತ್ತೇನ? ಯಾರು ತಗೊಂಡ್ರು?"

ನಾನೂ ನಗಲು ಹೋದೆ. ಅಷ್ಟರಲ್ಲಿ ಮಧು ಓಡಿಬಂದು ಸಲಾವುದ್ದೀನ ಅವರ ಕೈ ಹಿಡಿದಳು. "ಕಾಕಾ, ಗಾಡಿ ತಂದೀರೇನು?"

"ಯಾವ ಗಾಡಿ ಬೇಟಾ?"

"ನಾನ ಚೀಟಿ ಹಚ್ಚೇನಿ. ಜೋರಲೆ ಓದೇನಿ. ಮುಂಜಾನಿನ ಓದೇನಿ. ಹಮಾಲರು ಇನ್ನಾ ಬಂದಿಲ್ಲ."

"ಯಾವ ಮಾಲಿಗೆ?"

ಮಧು ಬೆರಳು ಮಾಡಿ ನನ್ನನ್ನು ತೋರಿಸಿದಳು.

ಸಲಾವುದ್ದೀನ ನೆಲ ನೋಡಿದರು. ಇವರ ನಗು ಮುಖದಲ್ಲೇ ನಿಂತುಬಿಟ್ಟಿತು. ಇವರು ಕೆಳಗೆ ಕೂತು, ಅವಳ ಬಾತ ತೋಳನ್ನು ಮೆಲ್ಲಗೆ ಹಿಡಿದು, "ಅವ್ವನ್ನ ಎಲ್ಲಿಗೆ ಕಳಸತೀ?" ಅಂದರು.

"ಆಕಳಾ ಹೋದಲ್ಲೆ" ಅಂದಳು. ಸಿಟ್ಟಿಲ್ಲ, ಅಳುವಿಲ್ಲ, ಕೇಳಿದ್ದಕ್ಕೆ ಉತ್ತರ ಕೊಟ್ಟ ಹಾಗೆ. "ಆಕಳಾ ನಾ ಓದಿದ್ದಕ್ಕ ಹೋತು. ಆಯಿನ್ನ ಅವ್ವ ಓದಿ ಕಳಿಸಿದ್ಳು. ಜೋಕಾಲಿ, ಕನ್ನಡಿ, ನಮ್ಮ ಮನಿ, ಎಲ್ಲಾ ನಾ ಕಿತ್ತು ಕಿತ್ತು ಉಳಿಸೇನಿ." ಆಮೇಲೆ ಸ್ವಲ್ಪ ಯೋಚಿಸಿ ಕೇಳಿದಳು: "ಅಪ್ಪಾ, ಅವ್ವನ್ನ ಕೊಟ್ರ ಆಯಿನ್ನ ತಿರುಗಿ ಕೊಡತಾರೇನು?"

ಇವರು ಎದ್ದು ಬಂದು ನನ್ನ ಬೆನ್ನಿನ ಚೀಟಿ ಕೀಳುತ್ತಾರೆ ಅಂದುಕೊಂಡೆ. ಮಧುವನ್ನು ಎತ್ತಿಕೊಂಡು ಹಿತ್ತಲಿಗೆ ಹೋದರು. ಸಲಾವುದ್ದೀನ ಚಪ್ಪಲಿ ಮೆಟ್ಟಿ ಹೋದರು. ಓದಿನ ಮೂಲೆಯಲ್ಲಿ ಕೂತೆ. ಮುರಿದ ಸ್ಕೇಲಿನ ಎರಡು ತುಂಡು ಕೌದಿಯ ಕೆಳಗಿತ್ತು, ಚುಚ್ಚಿತು. ಒಯ್ದು ಒಲೆಗೆ ಹಾಕಿದೆ. ಗೋಡೆಯ ಚೀಟಿಗಳನ್ನು ಕೀಳಬೇಕೆಂದು ನೋಡಿದರೆ ಒಂದೂ ಇರಲಿಲ್ಲ, ಎಲ್ಲ ಅವಳೇ ಕಿತ್ತಿದ್ದಳು. ಉಳಿದದ್ದು ನನ್ನ ಬೆನ್ನಿನದೊಂದೇ.

ದೀಪ ಹಚ್ಚುವ ಹೊತ್ತಿಗೆ ಮಧು ಒಳಗೆ ಬಂದಳು. ನಾನು ಎದ್ದರೆ ಹೆದರುತ್ತಾಳೆ ಅಂತ ಕೂತಲ್ಲೇ ಇದ್ದೆ. ಅಷ್ಟು ದೂರದಲ್ಲಿ ನಿಂತು ನನ್ನ ಬೆನ್ನ ಕಡೆ ಇಣುಕಿದಳು. ಚೀಟಿ ಇನ್ನೂ ಇತ್ತು. ಗಾಡಿ ಯಾಕೆ ಬರಲಿಲ್ಲ ಅನ್ನುವುದು ಅವಳಿಗೆ ತಿಳಿಯುತ್ತಿಲ್ಲ.

"ಅವ್ವಾ, ನಾ ತಪ್ಪು ಓದಿನೇನು?"

ಮಗು ಓದಿದಾಗ ಹೊಗಳಿರಿ, ತಡಮಾಡದೆ ಹೊಗಳಿರಿ ಅಂತ ಎಲ್ಲ ಪುಟಗಳಲ್ಲೂ ಇದೆ.

"ಇಲ್ಲವಾ" ಅಂದೆ. "ಬರೋಬ್ಬರಿ ಓದೀದಿ. ಒಂದೂ ತಪ್ಪಿಲ್ಲ."

ಅವಳು ತಲೆ ಅಲ್ಲಾಡಿಸಿ, ಮತ್ತೆ ಹೋಗಿ ಹೊಸ್ತಿಲ ಮೇಲೆ ಕೂತಳು.